ಎಚ್‌ಎಂವಿ 102 ಗ್ರಾಮಫೋನ್: ಕೆಟ್ಟಿದ್ದೆಲ್ಲಿ ಅಂತ ಪತ್ತೆ ಹಚ್ಚುವುದು

ಅಟ್ಟದಿಂದ ಹಳೇ ಗ್ರಾಮಫೋನ್ ಇಳಿಸಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಹ್ಯಾಂಡಲ್ ಸಿಕ್ಕಿಸಿ, ಇನ್ನು ತಿರುಗಲ್ಲ ಅನ್ನುವವರೆಗೆ ಕೀಲಿ ಕೊಡುವುದು. ದಯವಿಟ್ಟು ಇದೊಂದನ್ನು ಮಾಡಬೇಡಿ. ಎಷ್ಟೋ ವರ್ಷ ಅಲ್ಲಾಡದೆ ಕೂತ ಸ್ಪ್ರಿಂಗಿನ ಸುತ್ತುಗಳು ಒಣಗಿದ ಗ್ರೀಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮೊದಲ ದಿನವೇ ಪೂರ್ತಿ ಬಿಗಿ ಮಾಡಿದರೆ ಅದು ಮುರಿಯುವ ಸಾಧ್ಯತೆ ಜಾಸ್ತಿ. ಹತ್ತು ಸುತ್ತು ಕೊಡಿ, ಸಾಕು. ಪರೀಕ್ಷೆಗೆ ಅಷ್ಟೇ ಬೇಕಾಗಿರುವುದು.

ಈ ಬರಹ ಒಂದೇ ಮಾಡಲ್ಲಿನ ಬಗ್ಗೆ: ಸೂಟ್‌ಕೇಸಿನ ಹಾಗೆ ಮುಚ್ಚಿ ಕೈಯಲ್ಲಿ ಹಿಡಿದು ಹೋಗಬಹುದಾದ ಎಚ್‌ಎಂವಿ 102. ನಮ್ಮ ಕಡೆ ಹಳೇ ಮನೆಗಳಲ್ಲಿ, ಗುಜರಿ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವ ಪೆಟ್ಟಿಗೆಗಳಲ್ಲಿ ಇದೂ ಒಂದು. ರಿಪೇರಿಗೆ ಇದರಷ್ಟು ಸಹಕರಿಸುವ ಮೆಷಿನ್ ಕಮ್ಮಿ ಅಂತಲೇ ನನ್ನ ಅಭಿಪ್ರಾಯ. ಆದರೆ ಒಂದು ಮಾತು ಮೊದಲೇ ಹೇಳಬೇಕು. ಈ ಪೆಟ್ಟಿಗೆಯಲ್ಲಿ ಕಾಣುವ ದೋಷಗಳಲ್ಲಿ ಅರ್ಧಕ್ಕರ್ಧ ವಯಸ್ಸಿನಿಂದ ಬಂದವಲ್ಲ, ಹಿಂದೆ ಯಾರೋ ಮಾಡಿದ ರಿಪೇರಿಯಿಂದ ಬಂದವು. ಹಾಗಾಗಿ ಕಾರ್ಖಾನೆಯಿಂದ ಬಂದದ್ದು ಯಾವುದು, ಆಮೇಲೆ ಸೇರಿಸಿದ್ದು ಯಾವುದು ಅಂತ ಗುರುತಿಸುವುದೇ ಮೊದಲ ಪರೀಕ್ಷೆ. ಅದಕ್ಕೆ ಸ್ವಲ್ಪ ಇತಿಹಾಸ ಗೊತ್ತಿರಬೇಕು.

ಇದು ಎಲ್ಲಿಂದ ಬಂತು

ಇಂಗ್ಲೆಂಡಿನ ಆಗಿನ ಮಿಡ್ಲ್‌ಸೆಕ್ಸ್‌ನಲ್ಲಿದ್ದ ಹೇಯ್ಸ್ ಎಂಬ ಊರಿನಲ್ಲಿ, ಎಚ್‌ಎಂವಿ (ಹಿಸ್ ಮಾಸ್ಟರ್ಸ್ ವಾಯ್ಸ್) ಹೆಸರಿನಲ್ಲಿ ಮಾಲು ಮಾರುತ್ತಿದ್ದ ಗ್ರಾಮಫೋನ್ ಕಂಪನಿಯ ದೊಡ್ಡ ಕಾರ್ಖಾನೆ ಇತ್ತು. 1925ರಲ್ಲಿ ಅಲ್ಲಿಂದ 101 ಎಂಬ ಪೋರ್ಟಬಲ್ ಮಾಡಲ್ ಬಂತು. ಅದೇ ವರ್ಷ ಪ್ಲೇಟುಗಳನ್ನು ಮೈಕ್ ಇಟ್ಟು, ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ಪದ್ಧತಿ ಶುರುವಾಯಿತು. ಹೊಸ ಪ್ಲೇಟುಗಳಲ್ಲಿ ಕೆಳಗಿನ ಸ್ವರಗಳೂ ಮೇಲಿನ ಸ್ವರಗಳೂ ಜಾಸ್ತಿ ಇದ್ದವು. ಪಿನ್ನಿನ ಅದುರುವಿಕೆಯನ್ನು ತೆಳು ಹಾಳೆಯೊಂದರಿಂದ ಶಬ್ದವಾಗಿಸುವ ದುಂಡನೆಯ ಡಬ್ಬಿಯೇ ಸೌಂಡ್‌ಬಾಕ್ಸ್. ಹಾಳೆ ಅಭ್ರಕದ್ದಾಗಿದ್ದ ಹಳೇ ಸೌಂಡ್‌ಬಾಕ್ಸ್‌ಗೆ ಅಷ್ಟನ್ನೂ ಹೊರಗೆ ತರುವ ಶಕ್ತಿ ಇರಲಿಲ್ಲ. 1931ರಲ್ಲಿ ಈ ಕಂಪನಿಯೂ ಕೊಲಂಬಿಯಾ ಗ್ರಾಫೋಫೋನ್ ಕಂಪನಿಯೂ ಸೇರಿ ಇಎಂಐ ಆಯಿತು. 102 ಬಂದದ್ದೂ ಅದೇ ವರ್ಷ. ಲೋಹದ ಹಾಳೆಯ ಸೌಂಡ್‌ಬಾಕ್ಸ್, ತಾನಾಗಿ ನಿಲ್ಲುವ ಬ್ರೇಕ್, ಪೆಟ್ಟಿಗೆಯೊಳಗೇ ಮಡಿಸಿಟ್ಟ ಹಾರ್ನ್ ಇದರ ಗುರುತುಗಳು. ಹಾರ್ನಿನ ಬಾಯಿ ಹಿಂಭಾಗದಲ್ಲಿದೆ. ಅಲ್ಲಿಂದ ಬಂದ ಶಬ್ದ ತೆರೆದಿಟ್ಟ ಮುಚ್ಚಳಕ್ಕೆ ಬಡಿದು ಮುಂದಕ್ಕೆ ಬರುತ್ತದೆ. ಮುಚ್ಚಳ ಅರ್ಧ ತೆರೆದು 'ಸೌಂಡ್ ಕಮ್ಮಿ' ಅಂದರೆ ಅದು ಮೆಷಿನ್ನಿನ ತಪ್ಪಲ್ಲ.

102ರ ಉತ್ಪಾದನೆ 1950ರ ದಶಕದ ಕೊನೆಯ ಭಾಗದವರೆಗೂ ನಡೆಯಿತು. ಇಂಗ್ಲೆಂಡಿನ ಮನೆಗಳಿಗೆ ರೇಡಿಯೋಗ್ರಾಮ್ (ರೇಡಿಯೋ, ಪ್ಲೇಟು ಎರಡನ್ನೂ ನುಡಿಸುವ ಕರೆಂಟಿನ ಪೆಟ್ಟಿಗೆ) ಬಂದ ಮೇಲೂ ಕೀಲಿಯ ಪೆಟ್ಟಿಗೆ ಯಾಕೆ ಮಾಡುತ್ತಿದ್ದರು ಅಂದರೆ, ಕರೆಂಟಿಲ್ಲದ ಊರುಗಳ ಮಾರುಕಟ್ಟೆ ಸಣ್ಣದಾಗಿರಲಿಲ್ಲ. ನಮ್ಮ ದೇಶವೂ ಅದರಲ್ಲಿ ಒಂದಾಗಿತ್ತು. ಈ ಕಂಪನಿಗೆ ಭಾರತ ಹೊಸದೂ ಆಗಿರಲಿಲ್ಲ. 1908ರಲ್ಲೇ ಕಲ್ಕತ್ತೆಯ ಸಿಯಾಲ್ದಾದಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ತೆರೆದಿತ್ತು. 1928ರಲ್ಲಿ ಅದು ದಮ್‌ದಮ್‌ಗೆ ಹೋಯಿತು. ಪ್ಲೇಟಿಗೆ ಬೇಕಾದ ಅರಗು ಹೇಗಿದ್ದರೂ ನಮ್ಮಲ್ಲಿಂದಲೇ ಹಡಗು ಹತ್ತುತ್ತಿತ್ತು.

ರಫ್ತಾದ ಮೆಷಿನ್ ಅಂದಾಗ ರಿಪೇರಿಗೆ ಕೂತವರು ಎರಡು ವಿಷಯ ನೆನಪಿಡಬೇಕು. ಒಂದು, ತಣ್ಣನೆಯ ಊರಿನಲ್ಲಿ ಹುಟ್ಟಿದ ರಬ್ಬರ್, ಗ್ರೀಸ್, ಸತುವಿನ ಎರಕ ಇಲ್ಲಿಯ ಸೆಕೆ ಮತ್ತು ಮಳೆಗಾಲದಲ್ಲಿ ಬೇಗ ಮುದಿಯಾಗುತ್ತವೆ. ಎರಡು, ಹೇಯ್ಸ್‌ನಿಂದ ಬಿಡಿಭಾಗ ಬರುವ ತನಕ ಯಾರು ಕಾಯುತ್ತಾರೆ? ವಾಚ್ ರಿಪೇರಿಯವರು, ಹೊಲಿಗೆ ಮಷೀನ್ ರಿಪೇರಿಯವರು ಕೈಗೆ ಸಿಕ್ಕಿದ್ದನ್ನು ಕೂರಿಸಿ ಕೊಟ್ಟಿದ್ದಾರೆ. 102ಕ್ಕೆ ಬೇರೆ ಬೇರೆ ವರ್ಷಗಳಲ್ಲಿ 16, 5ಎ, 5ಬಿ ಎಂಬ ನಂಬರಿನ ಸೌಂಡ್‌ಬಾಕ್ಸ್‌ಗಳು ಬಂದಿವೆ. ನಿಮ್ಮ ಪೆಟ್ಟಿಗೆಯಲ್ಲಿ ಅಭ್ರಕದ ಹಾಳೆಯ ನಾಲ್ಕನೇ ನಂಬರಿನದು ಕೂತಿದ್ದರೆ ಅದು ಹಳೇ 101ರದ್ದು. 'ಹಾಡು ಬರುತ್ತೆ, ಆದ್ರೆ ಮೊದಲಿನ ಹಾಗಿಲ್ಲ' ಎಂಬ ದೂರಿಗೆ ಎಷ್ಟೋ ಸಲ ಇದೇ ಉತ್ತರ.

ಇನ್ನೊಂದು ಎಚ್ಚರಿಕೆ. ಥಳಥಳ ಹೊಳೆಯುವ ಹಿತ್ತಾಳೆ ಹೂವಿನ ಹಾರ್ನ್, ಕೆಳಗೆ ಹೊಸ ಮರದ ಡಬ್ಬಿ, ಮೇಲೆ ನಾಯಿಯ ಚಿತ್ರ. ಪ್ರವಾಸಿಗರಿಗೆ ಮಾರಲು ಈಚೆಗೆ ಜೋಡಿಸಿದ ಮಾಲು ಇದು. ಇಂಥವು ಭಾರತದಿಂದ ವಿದೇಶಕ್ಕೂ ಹೋಗುತ್ತವೆ. ಒಳಗಿರುವ ಮೋಟಾರು ಎಷ್ಟೋ ಸಲ ಒಡೆದು ಹಾಕಿದ ಯಾವುದೋ ಪೋರ್ಟಬಲ್‌ನದ್ದು. ಅದಕ್ಕೆ ಈ ಬರಹದ ಮೋಟಾರಿನ ಭಾಗ ಅನ್ವಯಿಸಬಹುದು. ಉಳಿದದ್ದಕ್ಕೆ ನನ್ನ ಬಳಿ ಮದ್ದಿಲ್ಲ.

ಮೊದಲು ಪ್ಲೇಟಿಲ್ಲದೆ ಓಡಿಸಿ

ದೋಷ ಮೋಟಾರಿನದೋ ಸೌಂಡ್‌ಬಾಕ್ಸಿನದೋ ಅಂತ ಬೇರೆ ಮಾಡದೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಪ್ಲೇಟು ಇಡಬೇಡಿ, ಟೋನ್ ಆರ್ಮನ್ನು (ಸೌಂಡ್‌ಬಾಕ್ಸ್ ಕೂರುವ ತೋಳು) ಬದಿಗಿಡಿ. ಹತ್ತು ಸುತ್ತು ಕೀಲಿ ಕೊಟ್ಟು ಬ್ರೇಕ್ ಬಿಡಿ. ಕೋಣೆಯ ಫ್ಯಾನ್ ಆರಿಸಿ, ಪೆಟ್ಟಿಗೆಯ ಹತ್ತಿರ ಕಿವಿ ತನ್ನಿ.

ಸರಿಯಾದ ಮೋಟಾರಿನಿಂದ ಬರುವುದು ಒಂದೇ ಸಮನಾದ ಸಣ್ಣ ಗುಂಯ್ ಶಬ್ದ. ಆಗಾಗ 'ಧಡ್' ಅಂತ ಒದೆತ ಬಂದರೆ ಸ್ಪ್ರಿಂಗು. ಟಿಕಟಿಕ ಅಂತಲೋ ಝರ್ ಅಂತಲೋ ಬಂದರೆ ಗವರ್ನರ್, ಅಂದರೆ ವೇಗ ಹತೋಟಿಯಲ್ಲಿಡುವ ಭಾಗ. ಕಿರ್ ಅಂತ ಕಿರುಚಿದರೆ ಎಲ್ಲೋ ಎಣ್ಣೆ ಆರಿದೆ. ಏನೂ ತೊಂದರೆ ಇಲ್ಲ, ಪಿನ್ನು ಪ್ಲೇಟಿಗೆ ತಾಗಿದಾಗ ಮಾತ್ರ ಕರಕರ ಅನ್ನುತ್ತದೆ ಅಂದರೆ ಮೋಟಾರನ್ನು ಬಿಚ್ಚುವ ಅಗತ್ಯವೇ ಇಲ್ಲ, ನೇರ ಸೌಂಡ್‌ಬಾಕ್ಸಿನ ಭಾಗಕ್ಕೆ ಹೋಗಿ.

ತಿರುಗುವುದೇ ಇಲ್ಲ, ಅಥವಾ ನಡುವೆ ನಿಲ್ಲುತ್ತದೆ

ಹ್ಯಾಂಡಲ್ ಎಷ್ಟು ತಿರುಗಿಸಿದರೂ ಬಿಗಿಯೇ ಆಗದಿದ್ದರೆ ಸ್ಪ್ರಿಂಗ್ ಮುರಿದಿದೆ, ಇಲ್ಲವೇ ಅದರ ಒಳತುದಿ ನಡುವಿನ ಕೊಕ್ಕೆಯಿಂದ ಜಾರಿದೆ. ಕೈ ಬಿಟ್ಟ ಕೂಡಲೇ ಹ್ಯಾಂಡಲ್ ಹಿಂದಕ್ಕೆ ಒದೆದರೆ ಅದನ್ನು ತಡೆದು ಹಿಡಿಯುವ ರಾಚೆಟ್ ಸವೆದಿದೆ ಅಂತ ಅರ್ಥ. ಇದನ್ನು ಹಾಗೇ ಬಳಸಬೇಡಿ, ಮಣಿಕಟ್ಟಿಗೆ ಪೆಟ್ಟಾಗುತ್ತದೆ.

ಬಿಗಿ ಇದೆ, ಆದರೆ ಪ್ಲೇಟು ಇಡುವ ತಟ್ಟೆ ಅಲ್ಲಾಡುವುದಿಲ್ಲ ಅಂದರೆ ಮೊದಲು ಬ್ರೇಕ್ ನೋಡಿ. ಬ್ರೇಕ್ ಬಿಟ್ಟಿದ್ದರೂ ನಿಂತಿದ್ದರೆ ಗವರ್ನರಿನ ಎಣ್ಣೆ ಅಂಟಾಗಿ ಗಟ್ಟಿಯಾಗಿದೆ. ತೆಂಗಿನೆಣ್ಣೆ ಹಾಕಿದ ಮೆಷಿನ್‌ಗಳಲ್ಲಿ ಇದು ಮಾಮೂಲು. ಅಡುಗೆಮನೆಯ ಯಾವ ಎಣ್ಣೆಯೂ ಇಲ್ಲಿಗೆ ಆಗುವುದಿಲ್ಲ, ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಅದು ಕೊಳೆ ಕರಗಿಸುತ್ತದೆ, ಆದರೆ ಬೇಗ ಆರಿಹೋಗುತ್ತದೆ. ಹೊಲಿಗೆ ಮಷೀನಿನ ಎಣ್ಣೆಯೇ ಸರಿಯಾದದ್ದು.

ಶುರುವಾಗಿ ಅರ್ಧ ಹಾಡಿಗೆ ಸುಸ್ತಾಗುವುದು ಬೇರೆ ಕಥೆ. 102ರಲ್ಲಿ ಇರುವುದು ಒಂದೇ ಸ್ಪ್ರಿಂಗು. ಪೂರ್ತಿ ಕೀಲಿ ಕೊಟ್ಟರೆ 12 ಇಂಚಿನ ಪ್ಲೇಟಿನ ಒಂದು ಬದಿ, ಅಂದರೆ ನಾಲ್ಕು ನಾಲ್ಕೂವರೆ ನಿಮಿಷ, ಒಂದೇ ವೇಗದಲ್ಲಿ ಓಡಬೇಕು. ಪ್ರತಿ ಬದಿಗೂ ಹೊಸದಾಗಿ ಕೀಲಿ ಕೊಡುವುದು ಇದರ ಕ್ರಮ, ಅದನ್ನು ದೋಷ ಅನ್ನಬೇಡಿ. ಪ್ಲೇಟಿಲ್ಲದಾಗ ಚೆನ್ನಾಗಿ ಓಡಿ ಪ್ಲೇಟಿಟ್ಟಾಗ ಮಾತ್ರ ನಿಲ್ಲುತ್ತದೆ ಅಂದರೆ ಸವೆದ ಪಿನ್ನು, ಸೊಟ್ಟಗಾದ ಪ್ಲೇಟು, ಇಲ್ಲವೇ ದಣಿದ ಸ್ಪ್ರಿಂಗು. ಈ ಕ್ರಮದಲ್ಲೇ ಪರೀಕ್ಷಿಸಿ. ಪಿನ್ನು ಬದಲಾಯಿಸಲು ಅರ್ಧ ನಿಮಿಷ ಸಾಕು, ಸ್ಪ್ರಿಂಗಿಗೆ ಒಂದು ದಿನವೇ ಬೇಕು.

'ಧಡ್' ಎಂಬ ಒದೆತ

ಈ ಮೆಷಿನ್‌ಗಳಲ್ಲಿ ಪದೇ ಪದೇ ಕಾಣುವ ಕಾಯಿಲೆ ಇದು. ಸ್ಪ್ರಿಂಗ್ ಅಂದರೆ ಕೆಲವು ಮೀಟರ್ ಉದ್ದದ ಉಕ್ಕಿನ ಪಟ್ಟಿ. ಅದನ್ನು ಸುರುಳಿ ಸುತ್ತಿ ಡ್ರಮ್ಮಿನೊಳಗೆ ಇಟ್ಟಿರುತ್ತಾರೆ. ಸುತ್ತುಗಳ ನಡುವೆ ಗ್ರಾಫೈಟ್ ಬೆರೆಸಿದ ಗ್ರೀಸ್ ಇರುತ್ತದೆ. ಗ್ರೀಸಿನ ಎಣ್ಣೆ ಆರಿ ಹೋದರೆ ಉಳಿಯುವುದು ಕಪ್ಪು ಮೇಣದಂಥ ಅಂಟು. ಆಗ ಸುತ್ತುಗಳು ನಯವಾಗಿ ಜಾರುವುದಿಲ್ಲ. ಅಂಟಿಕೊಂಡು ನಿಂತು, ಬಿಗಿ ಹೆಚ್ಚಾದಾಗ ಒಮ್ಮೆಲೇ ಬಿಟ್ಟುಕೊಳ್ಳುತ್ತವೆ. ಆ ಹೊಡೆತವೇ 'ಧಡ್'. ಅದೇ ಕ್ಷಣ ಹಾಡೂ ಒಮ್ಮೆ ತಡವರಿಸುತ್ತದೆ.

ಮೇಲಿನಿಂದ ಎಣ್ಣೆ ಸುರಿದರೆ ಇದು ಹೋಗುವುದಿಲ್ಲ. ಡ್ರಮ್ ಬಿಚ್ಚಲೇಬೇಕು. ಅಷ್ಟು ಧೈರ್ಯ ಇಲ್ಲದವರು ಗೊತ್ತಿರುವವರ ಹತ್ತಿರ ಕೊಡಿ, ಅದರಲ್ಲಿ ಅವಮಾನವೇನೂ ಇಲ್ಲ. ಡ್ರಮ್ಮಿನಲ್ಲಿ ಮಡಚಿಟ್ಟ ಸ್ಪ್ರಿಂಗ್ ಹೊರಗೆ ಹಾರಿದರೆ ಮುಖ, ಕೈ ಸೀಳುತ್ತದೆ.

ಬಿಚ್ಚುವವರಿಗೆ ಕ್ರಮ ಹೀಗೆ. ಮೊದಲು ಮೋಟಾರನ್ನು ಪೂರ್ತಿ ಓಡಲು ಬಿಟ್ಟು ಬಿಗಿ ಖಾಲಿ ಮಾಡಿ. ತಟ್ಟೆ ನಿಂತ ಮೇಲೂ ಕೈಯಿಂದ ಮೆಲ್ಲಗೆ ತಳ್ಳಿ ನೋಡಿ, ಉಳಿದ ಬಿಗಿಯೂ ಹೋಗಲಿ. ಬಿಗಿ ಇರುವಾಗ ಗವರ್ನರನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ತಡೆಯುವವರಿಲ್ಲದೆ ಇಡೀ ಗಿಯರಿನ ಸಾಲು ಹುಚ್ಚು ವೇಗದಲ್ಲಿ ತಿರುಗಿ ಹಲ್ಲುಗಳು ಕಿತ್ತುಹೋಗುತ್ತವೆ. ಹೀಗೆ ಹಾಳಾದ ಮೋಟಾರಿಗೆ ಬೇರೆ ಮೋಟಾರೇ ಗತಿ.

ಆಮೇಲೆ ತಟ್ಟೆ ಎತ್ತಿ, ಮೋಟಾರ್ ಬೋರ್ಡನ್ನು ಹೊರಗೆ ತೆಗೆಯಿರಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡ್ರಮ್ಮನ್ನು ಬೇರೆ ಮಾಡಿ ಮುಚ್ಚಳ ತೆಗೆದಾಗ ಒಳಗೆ ಏನಿದೆ ನೋಡಿ. ಕಪ್ಪು ಅಂಟು ಇದ್ದರೆ ಒಳ್ಳೆಯದೇ, ಅದರಡಿಯ ಉಕ್ಕು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೆಂಪು ಪುಡಿ ಇದ್ದರೆ ತುಕ್ಕು ತಿಂದಿದೆ, ಹೊಸ ಸ್ಪ್ರಿಂಗ್ ಹುಡುಕಲು ಶುರು ಮಾಡಿ.

ಸ್ಪ್ರಿಂಗ್ ತೆಗೆಯುವಾಗ ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ಡ್ರಮ್ಮನ್ನು ಗೋಣಿಚೀಲದೊಳಗೆ ಇಟ್ಟುಕೊಂಡು, ನಡುವಿನ ಸುತ್ತಿನಿಂದ ಶುರು ಮಾಡಿ, ಒಂದೊಂದೇ ಸುತ್ತು ಬಿಡಿಸಿ. ಇನ್ನೊಂದು ಕೈಯ ಅಂಗೈ ಉಳಿದ ಸುರುಳಿಯನ್ನು ಒತ್ತಿ ಹಿಡಿದಿರಲಿ. ಹೊರಬಂದ ಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಎರಡೂ ತುದಿಯ ತೂತಿನ ಸುತ್ತ ಕೂದಲೆಳೆಯ ಬಿರುಕು ಇದೆಯೇ ಅಂತ ಪರೀಕ್ಷಿಸಿ, ಮುರಿಯುವುದು ಹೆಚ್ಚಾಗಿ ಅಲ್ಲಿಯೇ. ತಿರುಗಿ ಹಾಕುವಾಗ ಹೊರತುದಿಯನ್ನು ಮೊದಲು ಡ್ರಮ್ಮಿನ ಕೊಕ್ಕೆಗೆ ಸಿಕ್ಕಿಸಿ, ಸುತ್ತು ಸುತ್ತಾಗಿ ಒಳಕ್ಕೆ ತಳ್ಳಿ. ಮೊದಲು ಸುತ್ತಿದ್ದ ದಿಕ್ಕಿನಲ್ಲೇ ಸುತ್ತಬೇಕು. ಗ್ರಾಫೈಟ್ ಗ್ರೀಸನ್ನು ಹದವಾಗಿ ಹಚ್ಚಿ. ತುಂಬಿ ತುಳುಕಿಸಿದರೆ ಸೆಕೆಗಾಲದಲ್ಲಿ ಕರಗಿ ಗಿಯರಿನ ಮೇಲೆಲ್ಲ ಸೋರುತ್ತದೆ.

ಹಾಡು ಅಲೆಯಲೆಯಾಗಿ ಕೇಳುತ್ತದೆ

ದನಿ ಏರಿಳಿದರೆ ಗವರ್ನರ್ ನೋಡಿ. ಸಣ್ಣ ಕಡ್ಡಿಯ ಸುತ್ತ ಮೂರು ತೂಕದ ಗುಂಡುಗಳು ತೆಳ್ಳನೆಯ ಪಟ್ಟಿಗಳ ಮೇಲೆ ಕೂತಿರುತ್ತವೆ. ವೇಗ ಹೆಚ್ಚಾದರೆ ಗುಂಡುಗಳು ಹೊರಕ್ಕೆ ಚಾಚುತ್ತವೆ, ಅವು ಎಳೆದ ಬಿಲ್ಲೆ ಫೆಲ್ಟ್ ತುಂಡಿಗೆ ಉಜ್ಜಿ ವೇಗ ಇಳಿಯುತ್ತದೆ. ಒಂದು ಪಟ್ಟಿ ಮುರಿದಿದ್ದರೆ, ಅಥವಾ ಒಂದರ ಸ್ಕ್ರೂ ಸಡಿಲವಾಗಿದ್ದರೆ ತೂಕ ತಪ್ಪಿ ನಡುಗುತ್ತದೆ. ಫೆಲ್ಟ್ ಒಣಗಿದ್ದರೂ ಇದೇ ಲಕ್ಷಣ. ಮೊದಲು ಫೆಲ್ಟಿಗೆ ಒಂದು ತೊಟ್ಟು ಎಣ್ಣೆ ಹಾಕಿ ನೋಡಿ. ಅರ್ಧಕ್ಕರ್ಧ ಮೆಷಿನ್‌ಗಳು ಅಲ್ಲಿಗೇ ಸರಿಹೋಗುತ್ತವೆ. ಪಟ್ಟಿ ಬದಲಾಯಿಸುವುದಾದರೆ ಮೂರನ್ನೂ ಒಂದೇ ದಪ್ಪದ್ದು ಹಾಕಬೇಕು. ಇಲ್ಲಿಯ ಸ್ಕ್ರೂಗಳು ಇಂಗ್ಲಿಷ್ ಅಳತೆಯವು, ಈಗಿನ ಮಿಲಿಮೀಟರ್ ಸ್ಕ್ರೂ ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹೋಯಿತು ಅಂತಲೇ ಲೆಕ್ಕ.

ವೇಗ ಹೊಂದಿಸಲು ಸುಲಭದ ದಾರಿ ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಎಣಿಸುವುದು. ಅರ್ಧ ನಿಮಿಷಕ್ಕೆ 39 ಸುತ್ತು ಬಂದರೆ ನಿಮಿಷಕ್ಕೆ 78 ಸುತ್ತು, ಅದೇ ಈ ಪ್ಲೇಟುಗಳ ಸರಿಯಾದ ವೇಗ. ಪ್ಲೇಟಿನ ಮೇಲೆ ಪಿನ್ನು ಇಟ್ಟುಕೊಂಡೇ ಎಣಿಸಿ. ಇನ್ನೂ ನಿಖರ ಬೇಕೆಂದರೆ 77 ಗೆರೆಯ ಸ್ಟ್ರೋಬ್ ಬಿಲ್ಲೆ (ಸುತ್ತಲೂ ಸಮ ಅಂತರದ ಗೆರೆಗಳಿರುವ ಬಿಲ್ಲೆ) ಇಟ್ಟು, ಹಳೇ ಚೋಕ್ ಇರುವ ಟ್ಯೂಬ್‌ಲೈಟಿನ ಕೆಳಗೆ ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಗೆರೆಗಳು ನಿಂತ ಹಾಗೆ ಕಂಡರೆ ವೇಗ 77.92. ಒಳ್ಳೆ ಎಲ್‌ಇಡಿ ಬಲ್ಬು ಮಿನುಗುವುದೇ ಇಲ್ಲ, ಅದರಡಿ ಈ ಉಪಾಯ ನಡೆಯದು. ಅಮೆರಿಕದಿಂದ ತರಿಸಿದ 92 ಗೆರೆಯ ಬಿಲ್ಲೆಯೂ ಇಲ್ಲಿ ಕೆಲಸಕ್ಕೆ ಬಾರದು, ಅದು 60 ಹರ್ಟ್ಸ್‌ಗೆ ಮಾಡಿದ್ದು.

ವೇಗ ಸರಿಯಿದ್ದರೂ ಗಾಯಕರ ಶ್ರುತಿ ವಿಚಿತ್ರವಾಗಿ ಕೇಳಿದರೆ ಪ್ಲೇಟಿನ ವಯಸ್ಸು ನೋಡಿ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ ಕಾಲಕ್ಕೆ 78 ಎಂಬ ಕಟ್ಟುನಿಟ್ಟು ಇರಲಿಲ್ಲ. ಆ ಕಾಲದ ಪ್ಲೇಟುಗಳನ್ನು ಕಿವಿಯಿಂದಲೇ ಹೊಂದಿಸಿಕೊಳ್ಳಬೇಕು. (ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದವರು. 1930ರಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ.) ಹಾಗಾಗಿ ಒಂದು ಪ್ಲೇಟು ಕೇಳಿ ಗವರ್ನರ್ ತಿರುಚಬೇಡಿ. 1930ರ ನಂತರದ ಎರಡು ಮೂರು ಪ್ಲೇಟು ಹಾಕಿ ನೋಡಿ.

ಕರಕರ, ಒಡಕು, ತೆಳ್ಳನೆ ದನಿ

ಇಲ್ಲಿ ಸೌಂಡ್‌ಬಾಕ್ಸೇ ಆರೋಪಿ. ಮೊದಲು ಹೊಸ ಪಿನ್ನು, ಆಮೇಲೆ ಬೇರೆ ಪ್ಲೇಟು. ಎರಡಕ್ಕೂ ಬಗ್ಗದಿದ್ದರೆ ಸೌಂಡ್‌ಬಾಕ್ಸನ್ನು ಟೋನ್ ಆರ್ಮಿನಿಂದ ತೆಗೆದು, ಪಿನ್ನಿನ ತುದಿಯನ್ನು ಉಗುರಿನಿಂದ ಮೆಲ್ಲಗೆ ಮೀಟಿ. ಟಪ್ ಅಂತ ತುಂಬಿದ ಶಬ್ದ ಬರಬೇಕು. ಟಿಣ್ ಅಂತ ಒಣಗಿದ ಶಬ್ದ ಬಂದರೆ ಅಂಚಿನ ರಬ್ಬರ್ ಕಲ್ಲಾಗಿದೆ. ಹಿಂಬದಿ ಟೋನ್ ಆರ್ಮಿಗೆ ಕೂರುವ ರಬ್ಬರ್ ಬಳೆಯನ್ನೂ ಒತ್ತಿ ನೋಡಿ. ಅದು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದಲೂ ಗಾಳಿ ಸೋರುತ್ತದೆ, ಕೆಳಸ್ವರ ಮಾಯವಾಗುತ್ತದೆ.

ಬಿಚ್ಚುವ ಮೊದಲು ಹಿಂಬದಿಯ ಲೋಹವನ್ನು ಚೆನ್ನಾಗಿ ನೋಡಿ. ಆ ಕಾಲದ ಸತುವಿನ ಎರಕದಲ್ಲಿ ಸೀಸದ ಕಲಬೆರಕೆ ಇದ್ದರೆ ಅದು ವರ್ಷಗಳು ಕಳೆದಂತೆ ಒಳಗಿಂದಲೇ ಹಿಗ್ಗಿ ಬಿರುಕು ಬಿಡುತ್ತದೆ. ಸೆಕೆ, ತೇವ ಎರಡೂ ಇರುವ ಕರಾವಳಿಯಂಥ ಕಡೆ ಇದು ಬೇಗ. ಕೂದಲೆಳೆಯ ಬಿರುಕು ಕಂಡರೆ ಸ್ಕ್ರೂ ಮುಟ್ಟಬೇಡಿ, ಕೈಯಲ್ಲೇ ಪುಡಿಯಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ. ಬೇರೆ ಸೌಂಡ್‌ಬಾಕ್ಸ್ ಹುಡುಕಬೇಕು, ಅಷ್ಟೇ.

ಲೋಹ ಗಟ್ಟಿಯಾಗಿದ್ದರೆ ಬಿಳಿ ಬಟ್ಟೆ ಹಾಸಿದ ಟ್ರೇ ಮೇಲೆ ಕೆಲಸ ಮಾಡಿ. ಕೆಲವು ಸೌಂಡ್‌ಬಾಕ್ಸ್‌ಗಳಲ್ಲಿ ಪಿನ್ನು ಹಿಡಿಯುವ ಕಡ್ಡಿ ಸಾಸಿವೆಗಿಂತ ಸಣ್ಣ ಗುಂಡುಗಳ ಮೇಲೆ ಕೂತಿರುತ್ತದೆ. ಅದನ್ನು ಸಡಿಲಿಸಿದರೆ ಗುಂಡುಗಳು ನೆಲ ಸೇರುತ್ತವೆ. ಬರೀ ಅಂಚಿನ ರಬ್ಬರ್ ಬದಲಾಯಿಸುವುದಾದರೆ ಆ ಕಡ್ಡಿಯನ್ನು ಮುಟ್ಟದೆ, ಅದು ಹಾಳೆಯ ನಡುವಿಗೆ ಸೇರುವ ಪುಟ್ಟ ಸ್ಕ್ರೂ ಒಂದನ್ನೇ ಬಿಚ್ಚಿ. ಹಾಳೆಯನ್ನು ಬೆರಳಿನಿಂದ ಒತ್ತಬೇಡಿ. ತೆಳ್ಳನೆಯ ಅಲ್ಯೂಮಿನಿಯಂ, ಒಮ್ಮೆ ತಗ್ಗು ಬಿದ್ದರೆ ಮೊದಲಿನಂತಾಗುವುದಿಲ್ಲ.

ಹೊಸ ರಬ್ಬರಿಗೆ ಹಿಂದಿನವರು ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ ಹಾಕುತ್ತಿದ್ದರು. ಇಂದಿಗೂ ನಡೆಯುತ್ತದೆ. ಆದರೆ ಸ್ವಲ್ಪ ಬಿರುಸು, ಬೇಗ ಗಟ್ಟಿಯಾಗುತ್ತದೆ. ಅಷ್ಟೇ ದಪ್ಪದ ಮೆತ್ತನೆ ಸಿಲಿಕಾನ್ ಟ್ಯೂಬ್ ಸಿಕ್ಕರೆ ಅದೇ ಉತ್ತಮ. ತುದಿಗಳು ಒಂದಕ್ಕೊಂದು ತಾಗುವಂತೆ ಕತ್ತರಿಸಿ. ಎಳೆದು ಕೂರಿಸಿದರೆ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ಹಾಳೆಯ ಎರಡೂ ಬದಿಗೆ ಒಂದೊಂದು ಬಳೆ, ಮೇಲೆ ಮುಚ್ಚಳದ ಸ್ಕ್ರೂಗಳು. ಒಂದನ್ನೇ ಪೂರ್ತಿ ಬಿಗಿ ಮಾಡದೆ ಎದುರುಬದುರು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಕೊನೆಗೆ ನಡುವಿನ ಸ್ಕ್ರೂ ಹಾಕುವಾಗ ಹಾಳೆ ಒಳಕ್ಕೋ ಹೊರಕ್ಕೋ ಎಳೆಯಬಾರದು, ಸಹಜವಾಗಿ ನಿಂತಲ್ಲೇ ಸೇರಬೇಕು. ಅದು ಎಳೆದುಕೊಂಡು ಕೂತರೆ ಜೋರು ಸ್ವರಗಳಲ್ಲೆಲ್ಲ ದನಿ ಒಡೆಯುತ್ತದೆ.

ತಾನಾಗಿ ನಿಲ್ಲದ ಬ್ರೇಕ್

ಹಾಡು ಮುಗಿದಾಗ ಪಿನ್ನು ಒಳಗಿನ ಓಡುಗೆರೆಗೆ ಬಂದು ಟೋನ್ ಆರ್ಮ್ ಬೇಗ ಒಳಕ್ಕೆ ಸರಿಯುತ್ತದೆ, ಆಗ ಬ್ರೇಕ್ ಬೀಳುತ್ತದೆ. ತುಂಬ ಹಳೇ ಪ್ಲೇಟುಗಳಲ್ಲಿ ಆ ಗೆರೆಯೇ ಇಲ್ಲ. ಅವುಗಳಲ್ಲಿ ನಿಲ್ಲದಿದ್ದರೆ ಕೈಯಿಂದ ನಿಲ್ಲಿಸಿ. ಹೊಸ ಪ್ಲೇಟಿನಲ್ಲೂ ನಿಲ್ಲದಿದ್ದರೆ ಬ್ರೇಕಿನ ತುದಿಯ ಪ್ಯಾಡು ಸವೆದಿದೆ, ಅಥವಾ ಕೀಲುಗಳಲ್ಲಿ ಕೊಳೆ ತುಂಬಿದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ ಸಾಕು.

ಪಿನ್ನು, ಪ್ಲೇಟು

ಉಕ್ಕಿನ ಪಿನ್ನು ಒಂದು ಬದಿಗೆ ಒಂದು. ಇದು ಅಂಗಡಿಯವರು ಮಾಡಿದ ಮಾರಾಟದ ಉಪಾಯ ಅಲ್ಲ. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಅದು ಮೊದಲ ಕೆಲವು ಸುತ್ತಿನಲ್ಲೇ ಪಿನ್ನಿನ ತುದಿಯನ್ನು ಗೆರೆಯ ಆಕಾರಕ್ಕೆ ತೇಯುತ್ತದೆ. ಅದೇ ಪಿನ್ನನ್ನು ಮತ್ತೆ ಹಾಕಿದರೆ ತೇದ ಅಂಚು ಉಳಿಯಂತೆ ಗೆರೆಯನ್ನು ಕೆತ್ತುತ್ತದೆ. ಪ್ಲೇಟು ಬೆಳ್ಳಗಾಗಿ, ಹಾಡಿಗಿಂತ ಉಸ್ಸೆನ್ನುವುದೇ ಜಾಸ್ತಿಯಾಗಿದ್ದರೆ ಕಾರಣ ಇದೇ. ಇದನ್ನು ಸೌಂಡ್‌ಬಾಕ್ಸಿನ ದೋಷ ಅಂತ ತಿಳಿದು ಚೆನ್ನಾಗಿರುವ ಸೌಂಡ್‌ಬಾಕ್ಸನ್ನು ಬಿಚ್ಚಿ ಹಾಳು ಮಾಡಿಕೊಳ್ಳುವವರು ಬಹಳ.

ಪರೀಕ್ಷೆಗೆಂದು ಸವೆಯದ ಎರಡು ಪ್ಲೇಟು ಬೇರೆಯೇ ಇಟ್ಟುಕೊಳ್ಳಿ. ಒಂದು ಹಾಡಿನದು, ಪಿ. ಕಾಳಿಂಗರಾಯರ ಹಾಡಿನ ಪ್ಲೇಟು ಸಿಕ್ಕರೆ ಒಳ್ಳೆಯದು, ಪರಿಚಯದ ದನಿಯಲ್ಲಿ ಒಡಕು ಬೇಗ ಗೊತ್ತಾಗುತ್ತದೆ. ಇನ್ನೊಂದು ಪಿಯಾನೋದ್ದು. ಪಿಯಾನೋದ ಎಳೆದ ಸ್ವರದಲ್ಲಿ ಗವರ್ನರಿನ ಅಲೆದಾಟ ಅಡಗುವುದಿಲ್ಲ. ಇದಕ್ಕೆ ನಮ್ಮದೇ ಒಂದು ಸಂಬಂಧ ಇದೆ. ರಷ್ಯಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ತಮ್ಮದೇ ಪಿಯಾನೋ ರಚನೆಗಳನ್ನು ನುಡಿಸಿ ಎಚ್‌ಎಂವಿಗೆ ಪ್ಲೇಟು ಕೊಟ್ಟದ್ದು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ ಹಣದಿಂದ, 1940ರ ದಶಕದ ಕೊನೆಯ ವರ್ಷಗಳಲ್ಲಿ. ಅವು ಸುಲಭಕ್ಕೆ ಸಿಗುವುದಿಲ್ಲ. ಸಿಕ್ಕರೆ ಉಕ್ಕಿನ ಪಿನ್ನಿನಲ್ಲಿ ಪದೇ ಪದೇ ಹಾಕಬೇಡಿ, ಪರೀಕ್ಷೆಗೆ ಬೇರೆ ಯಾವುದಾದರೂ ಪಿಯಾನೋ ಪ್ಲೇಟು ನಡೆಯುತ್ತದೆ.

ಎಲ್‌ಪಿ ರೆಕಾರ್ಡನ್ನು ಮಾತ್ರ ತಮಾಷೆಗೂ ಇದರ ಮೇಲೆ ಇಡಬೇಡಿ. ಎಲ್‌ಪಿಯ ಸೂಜಿ ಒತ್ತುವುದು ಒಂದೆರಡು ಗ್ರಾಂ. ಈ ಸೌಂಡ್‌ಬಾಕ್ಸ್ ನೂರು ಗ್ರಾಂಗೂ ಮೇಲೆ ಒತ್ತುತ್ತದೆ. ಒಂದೇ ಸುತ್ತಿಗೆ ಎಲ್‌ಪಿಯ ಗೆರೆ ಉತ್ತು ಹೋಗುತ್ತದೆ. 78ರ ವೇಗದ್ದೇ ಆದರೂ ಬಗ್ಗುವ ಪ್ಲಾಸ್ಟಿಕ್ಕಿನ ಪ್ಲೇಟಾಗಿದ್ದರೆ ಅದಕ್ಕೂ ಇದೇ ಗತಿ. ಅಂಚನ್ನು ಉಗುರಿನಿಂದ ತಟ್ಟಿ ನೋಡಿ. ಅರಗಿನದ್ದು ಟಣ್ ಅನ್ನುತ್ತದೆ, ಪ್ಲಾಸ್ಟಿಕ್ಕಿನದ್ದು ಮಂಕಾಗಿ ಟಪ್ ಅನ್ನುತ್ತದೆ.